ದೀಪ ಉರಿಯುತ್ತಿದೆ, ಡ್ರೋನ್ ಮಾತ್ರ ಕೇಳುತ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ಮನೆಯಲ್ಲೇ ಜೋಡಿಸಿದ ಡ್ರೋನ್‌ಗಳ ಬಗ್ಗೆ. ಕೆಲವನ್ನು ಆಯ್ದುಕೊಂಡಿದ್ದೇವೆ. ಉತ್ತರ ಓದಿ ಕೈ ಹಾಕುವ ಮೊದಲು ನಾಲ್ಕೂ ಪ್ರೊಪೆಲ್ಲರ್ ಬಿಚ್ಚಿಡಿ. ಇದರಲ್ಲಿ ಚೌಕಾಸಿ ಇಲ್ಲ.

ಪ್ರಶ್ನೆ: ಸರ್, ಎಸ್.ಪಿ. ರೋಡ್‌ನಿಂದ ಬಿಡಿಭಾಗ ತಂದು 5 ಇಂಚಿನ ಡ್ರೋನ್ ಜೋಡಿಸಿದ್ದೇನೆ. ಡ್ರೋನ್ ನಡೆಸುವ ಬೋರ್ಡ್ (ಫ್ಲೈಟ್ ಕಂಟ್ರೋಲರ್) ಎಫ್4 ಚಿಪ್‌ನದು, ರಿಮೋಟ್ ಸಿಗ್ನಲ್ ಹಿಡಿಯುವ ರಿಸೀವರ್ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೊ ವ್ಯವಸ್ಥೆಯದು. ರಿಸೀವರ್ ದೀಪ ಮಿನುಗದೆ ಉರಿಯುತ್ತದೆ. ಆದರೆ ಡ್ರೋನ್ ಹೊಂದಿಸುವ ಸಾಫ್ಟ್‌ವೇರ್ ಬೀಟಾಫ್ಲೈಟ್‌ನಲ್ಲಿ ನೋಡಿದರೆ, ಸ್ಟಿಕ್ ಎಷ್ಟು ಅಲ್ಲಾಡಿಸಿದರೂ ಅದರ ಚಲನೆ ತೋರಿಸುವ ಒಂದು ಪಟ್ಟಿಯೂ ಕದಲುವುದಿಲ್ಲ. ಗೆಳೆಯನ ಹಳೆಯ ಡ್ರೋನ್‌ನಲ್ಲಿ ಇದ್ದ ಹಾಗೆಯೇ 'ಎಸ್‌ಬಸ್' ಎಂದು ಬರೆದ ಪ್ಯಾಡ್‌ಗೆ ವೈರ್ ಬೆಸೆದಿದ್ದೇನೆ. ರಿಸೀವರ್ ಕೆಟ್ಟಿದೆಯಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಕೆಟ್ಟಿರುವ ಹಾಗೆ ಕಾಣುತ್ತಿಲ್ಲ. ಸುಮ್ನೆ ಇನ್ನೊಂದು ಕೊಳ್ಳಲು ಹೋಗಬೇಡಿ. ದೀಪ ಮಿನುಗದೆ ಉರಿಯುತ್ತಿದೆ ಅಂದರೆ ರಿಮೋಟ್ ಮತ್ತು ರಿಸೀವರ್ ನಡುವೆ ಸಂಪರ್ಕ ಸರಿಯಾಗಿದೆ. ರಿಸೀವರ್‌ನಿಂದ ಫ್ಲೈಟ್ ಕಂಟ್ರೋಲರ್‌ಗೆ ಹೋಗುವ ದಾರಿ ಬೇರೆಯೇ. ಅದರ ಬಗ್ಗೆ ಆ ದೀಪ ಏನೂ ಹೇಳುವುದಿಲ್ಲ. ನಮಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಗೊಂದಲ ಇದೇ.

ನಿಮ್ಮಲ್ಲಿ ತಪ್ಪಿರುವುದು ಆ ಪ್ಯಾಡ್. ಎಸ್‌ಬಸ್ ಅನ್ನುವುದು ರಿಸೀವರ್ ಬೋರ್ಡ್ ಜೊತೆ ಮಾತಾಡುವ ಒಂದು ಭಾಷೆ. ಅದರ ಸಿಗ್ನಲ್ ತಲೆಕೆಳಗಾಗಿ ಬರುತ್ತದೆ, ಅಂದರೆ ವೋಲ್ಟೇಜ್ ಏರಬೇಕಾದಲ್ಲಿ ಇಳಿದಿರುತ್ತದೆ, ಇಳಿಯಬೇಕಾದಲ್ಲಿ ಏರಿರುತ್ತದೆ. ಎಫ್4 ಚಿಪ್‌ಗೆ ಅದನ್ನು ತಾನಾಗಿ ತಿರುಗಿಸಿ ಓದಲು ಬರುವುದಿಲ್ಲ. ಅದಕ್ಕೇ ಬೋರ್ಡ್ ಮಾಡಿದವರು ಎಸ್‌ಬಸ್ ಪ್ಯಾಡ್‌ನ ಹಿಂದೆ ಸಿಗ್ನಲ್ ತಿರುಗಿಸುವ ಸಣ್ಣ ಸರ್ಕ್ಯೂಟ್ ಇಟ್ಟಿರುತ್ತಾರೆ. ನಿಮ್ಮ ರಿಸೀವರ್ ಕಳಿಸುವುದು ಸಿಆರ್‌ಎಸ್‌ಎಫ್ ಎಂಬ ಇನ್ನೊಂದು ಭಾಷೆ. ಅದು ಮೊದಲೇ ನೆಟ್ಟಗಿದೆ. ನೆಟ್ಟಗಿದ್ದದ್ದು ಆ ಸರ್ಕ್ಯೂಟ್ ಹಾದು ಬಂದಾಗ ತಲೆಕೆಳಗಾಗುತ್ತದೆ, ಬೋರ್ಡ್‌ಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಗೆಳೆಯನ ಡ್ರೋನ್‌ನಲ್ಲಿ ಎಸ್‌ಬಸ್ ರಿಸೀವರ್ ಇದ್ದಿರಬೇಕು, ಅಲ್ವಾ? ಎಫ್7, ಎಚ್7 ಬೋರ್ಡ್‌ಗಳಲ್ಲಿ ಈ ರಗಳೆ ಇಲ್ಲ, ಅವು ಎರಡನ್ನೂ ಒಳಗೇ ಸಂಭಾಳಿಸುತ್ತವೆ.

ವೈರ್ ಬಿಚ್ಚಿ ಬೇರೆ ಯೂಆರ್ಟ್‌ಗೆ, ಅಂದರೆ ಬೋರ್ಡ್‌ನ ಇನ್ನೊಂದು ಸೀರಿಯಲ್ ಪೋರ್ಟ್‌ಗೆ ಹಾಕಿ. ರಿಸೀವರ್‌ನ ಟಿಎಕ್ಸ್ (ಕಳಿಸುವ ತುದಿ) ಬೋರ್ಡ್‌ನ ಆರ್‌ಎಕ್ಸ್‌ಗೆ (ಕೇಳುವ ತುದಿ), ರಿಸೀವರ್‌ನ ಆರ್‌ಎಕ್ಸ್ ಬೋರ್ಡ್‌ನ ಟಿಎಕ್ಸ್‌ಗೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಬೇಕು ತಾನೇ, ಅದಕ್ಕೆ ಈ ಅಡ್ಡಜೋಡಣೆ. ಎರಡೂ ಒಂದೇ ಸಂಖ್ಯೆಯವು ಆಗಿರಲಿ: ಆರ್2 ಬಳಸಿದರೆ ಟಿ2. ಆಮೇಲೆ ಬೀಟಾಫ್ಲೈಟ್‌ನ ಪೋರ್ಟ್ಸ್ ಪುಟದಲ್ಲಿ ಯೂಆರ್ಟ್ 2ರ ಸಾಲಿನಲ್ಲಿ ಸೀರಿಯಲ್ ಆರ್‌ಎಕ್ಸ್ ಒಂದನ್ನೇ ಆನ್ ಮಾಡಿ. ಅದೇ ಸಾಲಿನಲ್ಲಿ ಎಂಎಸ್‌ಪಿ (ಕಂಪ್ಯೂಟರ್ ಜೊತೆ ಮಾತಾಡುವ ಆಯ್ಕೆ) ಆನ್ ಇದ್ದರೆ ತೆಗೆಯಿರಿ. ಯುಎಸ್‌ಬಿ ಸಾಲಿಗೆ ಮಾತ್ರ ಕೈ ಹಾಕಬೇಡಿ. ರಿಸೀವರ್ ಪುಟದಲ್ಲಿ ಸೀರಿಯಲ್ ಮತ್ತು ಸಿಆರ್‌ಎಸ್‌ಎಫ್ ಆರಿಸಿ, ಸೇವ್ ಮಾಡಿ. ಆಗ ಪಟ್ಟಿಗಳು ಓಡಾಡುತ್ತವೆ. ಥ್ರಾಟಲ್ ಎತ್ತಿದಾಗ ಬೇರೆ ಪಟ್ಟಿ ಏರಿದರೆ ಗಾಬರಿ ಬೇಡ. ಅದೇ ಪುಟದ ಚಾನೆಲ್ ಮ್ಯಾಪ್‌ನಲ್ಲಿ (ಯಾವ ಸ್ಟಿಕ್ ಎಷ್ಟನೇ ಚಾನೆಲ್ ಎಂಬ ಕ್ರಮ) ಎಇಟಿಆರ್ ಇದ್ದದ್ದನ್ನು ಟಿಎಇಆರ್ ಮಾಡಿ, ಅಥವಾ ಅದರ ಉಲ್ಟಾ.

ಪ್ರಶ್ನೆ: ರಿಮೋಟ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಅಂದಿನಿಂದ ರಿಸೀವರ್ ಸೇರುತ್ತಲೇ ಇಲ್ಲ. ಸ್ವಲ್ಪ ಹೊತ್ತಿನ ನಂತರ ದೀಪ ಪಟಪಟನೆ ಮಿನುಗಲು ಶುರುವಾಗುತ್ತದೆ. ಇದೂ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್.
— ಓದುಗರು, ಬನಶಂಕರಿ

ಉತ್ತರ: ರಿಮೋಟ್ 3ನೇ ಆವೃತ್ತಿಗೆ ಹೋಗಿದೆ, ರಿಸೀವರ್ 2ರಲ್ಲೇ ಉಳಿದಿದೆ ಅನ್ನಿಸುತ್ತದೆ. ಇವೆರಡೂ ಒಂದನ್ನೊಂದು ಸೇರುವುದಿಲ್ಲ, ಎರಡನ್ನೂ ಜೋಡಿ ಮಾಡುವ ಗುಟ್ಟಿನ ಪದ, ಅಂದರೆ ಬೈಂಡಿಂಗ್ ಪದ ಒಂದೇ ಇದ್ದರೂ ಅಷ್ಟೇ. ಪಟಪಟನೆ ಮಿನುಗುವುದು ದೋಷವಲ್ಲ. ರಿಮೋಟ್ ಸಿಗದೆ ಸುಮಾರು 60 ಸೆಕೆಂಡ್ ಕಳೆದರೆ ರಿಸೀವರ್ ತಾನೇ ವೈಫೈ ಹಚ್ಚಿಕೊಳ್ಳುತ್ತದೆ. ಫೋನ್‌ನಿಂದ ಅದಕ್ಕೆ ಸೇರಿಕೊಳ್ಳಿ. ಪಾಸ್‌ವರ್ಡ್ 'ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್', ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಬ್ರೌಸರ್‌ನಲ್ಲಿ 10.0.0.1 ಎಂದು ಹೊಡೆದರೆ ಪುಟ ತೆರೆಯುತ್ತದೆ, ಆವೃತ್ತಿ ಅಲ್ಲೇ ಕಾಣುತ್ತದೆ. ನಿಮ್ಮ ರಿಸೀವರ್ ಮಾದರಿಗೆ ಸರಿಯಾದ ಫೈಲನ್ನೇ ಹಾಕಿ. ಹೆಸರು ಹತ್ತಿರ ಇದೆ ಎಂದು ಬೇರೆಯದನ್ನು ತುರುಕಬೇಡಿ.

ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ಮಾತು. 2.4 ಗಿಗಾಹರ್ಟ್ಸ್ ರಿಮೋಟ್‌ಗೆ 900 ಮೆಗಾಹರ್ಟ್ಸ್ ಬ್ಯಾಂಡಿನ ರಿಸೀವರ್ ತಂದರೆ ಅವು ಯಾವ ಕಾಲಕ್ಕೂ ಸೇರುವುದಿಲ್ಲ. ಆ ಬ್ಯಾಂಡಿನದೇ ಬೇಕೆಂದರೆ ಸೆಟ್ಟಿಂಗ್‌ನಲ್ಲಿ ಭಾರತದ 866 ಆರಿಸಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865–868 ಮೆಗಾಹರ್ಟ್ಸ್.

ಪ್ರಶ್ನೆ: ಪಟ್ಟಿಗಳೆಲ್ಲ ಸರಿಯಾಗಿ ಓಡುತ್ತವೆ. ಆದರೆ ಆರ್ಮ್ ಸ್ವಿಚ್ (ಮೋಟಾರ್ ಚಾಲೂ ಮಾಡುವ ಸ್ವಿಚ್) ಹಾಕಿದರೆ ಮೋಟಾರ್ ತಿರುಗುವುದಿಲ್ಲ. ಥ್ರಾಟಲ್ ಪೂರ್ತಿ ಕೆಳಗಿಳಿಸಿದಾಗ 1062 ತೋರಿಸುತ್ತದೆ.
— ಓದುಗರು, ವಿಜಯನಗರ

ಉತ್ತರ: ಕಾರಣ ನೀವೇ ಬರೆದಿದ್ದೀರಿ. ಬೀಟಾಫ್ಲೈಟ್ ಲೆಕ್ಕದಲ್ಲಿ 1050ಕ್ಕಿಂತ ಕೆಳಗಿದ್ದರೆ ಮಾತ್ರ ಥ್ರಾಟಲ್ ಸೊನ್ನೆ. 1062 ಅಂದರೆ ನೀವು ಥ್ರಾಟಲ್ ಎತ್ತಿ ಹಿಡಿದಿದ್ದೀರಿ ಎಂದೇ ಅದು ತಿಳಿಯುತ್ತದೆ. ಕೆಲವರು ಆ 1050 ಅನ್ನೇ ಏರಿಸಿಬಿಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ, ಅಳತೆ ತಪ್ಪಿರುವುದು ರಿಮೋಟ್‌ನಲ್ಲಿ. ಅಲ್ಲೇ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ. ಕೆಳಗೆ 1000, ನಡುವೆ 1500, ಮೇಲೆ 2000ದ ಆಸುಪಾಸು ಬರಬೇಕು.

ಆಮೇಲೂ ಆಗದಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಬೀಟಾಫ್ಲೈಟ್‌ನಲ್ಲಿ ಆದೇಶ ಟೈಪ್ ಮಾಡುವ ಸಿಎಲ್ಐ ಪುಟದಲ್ಲಿ 'ಸ್ಟೇಟಸ್' ಎಂದು ಹೊಡೆದರೆ ಕೊನೆಯಲ್ಲಿ ಆರ್ಮ್ ಆಗದಿರುವ ಕಾರಣಗಳನ್ನು ಅದೇ ಹೇಳುತ್ತದೆ. 'ಆರ್‌ಎಕ್ಸ್‌ಲಾಸ್' ಅಂದರೆ ರಿಸೀವರ್ ಸಿಗುತ್ತಿಲ್ಲ, 'ಆ್ಯಂಗಲ್' ಅಂದರೆ ಡ್ರೋನ್ ವಾಲಿಕೊಂಡು ನಿಂತಿದೆ. 'ಸಿಎಲ್ಐ', 'ಎಂಎಸ್‌ಪಿ' ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಂಪ್ಯೂಟರ್‌ಗೆ ಸಿಕ್ಕಿಸಿರುವುದಕ್ಕೆ ಅವು ಬರುತ್ತವೆ. ನಿಮ್ಮದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಆಗಿದ್ದರೆ ಆರ್ಮ್ ಸ್ವಿಚ್ 5ನೇ ಚಾನೆಲ್‌ನಲ್ಲೇ, ಅಂದರೆ ಆಕ್ಸ್ 1ರಲ್ಲೇ ಇರಲಿ.

ಪ್ರಶ್ನೆ: ಯುಎಸ್‌ಬಿ ಹಾಕಿದರೆ ಬೋರ್ಡ್ ಆನ್ ಆಗುತ್ತದೆ, ರಿಸೀವರ್ ಮಾತ್ರ ಸತ್ತಂತಿರುತ್ತದೆ.
— ಓದುಗರು, ಕೆಂಗೇರಿ

ಉತ್ತರ: ಎಷ್ಟೋ ಬೋರ್ಡ್‌ಗಳಲ್ಲಿ 5 ವೋಲ್ಟ್ ಪ್ಯಾಡ್‌ಗೆ ಕರೆಂಟ್ ಬರುವುದು ಬ್ಯಾಟರಿ ಹಾಕಿದಾಗ ಮಾತ್ರ. '4ವಿ5' ಎಂದು ಬರೆದ ಪ್ಯಾಡ್ ಇದ್ದರೆ ಅದು ಯುಎಸ್‌ಬಿಯಲ್ಲೂ ಕೆಲಸ ಮಾಡುತ್ತದೆ, ರಿಸೀವರ್ ಅಲ್ಲಿಗೆ ಹಾಕಿ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಡ್ರೋನ್ ಅವನೇ ಜೋಡಿಸಿದ್ದಾನೆ. ಮೊನ್ನೆ ಟೆರೇಸಿನಲ್ಲಿ ರಿಮೋಟ್ ಆಫ್ ಮಾಡಿದರೂ ಮೋಟಾರ್‌ಗಳು ತಿರುಗುತ್ತಲೇ ಇದ್ದವು. ನಮಗೆ ಭಯ. ಅವನು ಏನೂ ಆಗಲ್ಲಮ್ಮ ಅನ್ನುತ್ತಾನೆ.
— ಒಬ್ಬ ತಾಯಿ, ಯಲಹಂಕ

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ ಅಮ್ಮ. ಇದು ಸರಿಹೋಗುವವರೆಗೆ ಹಾರಿಸಲು ಬಿಡಬೇಡಿ. ಕೆಲವು ರಿಸೀವರ್‌ಗಳು ಸಂಪರ್ಕ ತಪ್ಪಿದಾಗ ಕೊನೆಗೆ ಬಂದ ಆದೇಶವನ್ನೇ ಕಳಿಸುತ್ತಾ ಇರುತ್ತವೆ. ರಿಮೋಟ್ ಆಫ್ ಆಗಿರುವುದು ಫ್ಲೈಟ್ ಕಂಟ್ರೋಲರ್‌ಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಬೀಟಾಫ್ಲೈಟ್‌ನಲ್ಲಿ ಫೇಲ್‌ಸೇಫ್ (ಸಂಪರ್ಕ ಹೋದಾಗಿನ ರಕ್ಷಣಾ ಕ್ರಮ) ಸರಿಯಿದ್ದರೂ ಪ್ರಯೋಜನವಿಲ್ಲ. ಸಂಪರ್ಕ ಹೋದರೆ ಏನನ್ನೂ ಕಳಿಸಬಾರದು ಎಂದು ಮೊದಲು ರಿಸೀವರ್‌ನಲ್ಲೇ ಹೊಂದಿಸಬೇಕು, ಆಮೇಲೆ ಬೀಟಾಫ್ಲೈಟ್‌ನಲ್ಲಿ 'ಡ್ರಾಪ್', ಅಂದರೆ ಮೋಟಾರ್ ನಿಲ್ಲಿಸುವ ಆಯ್ಕೆ ಆರಿಸಬೇಕು. ಪರೀಕ್ಷೆ ನಿಮ್ಮ ಎದುರಿಗೇ ಮಾಡಲಿ: ಪ್ರೊಪೆಲ್ಲರ್ ಬಿಚ್ಚಿ, ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಎತ್ತಿ, ರಿಮೋಟ್ ಆಫ್ ಮಾಡಬೇಕು. ಒಂದೆರಡು ಸೆಕೆಂಡಿನಲ್ಲಿ ಮೋಟಾರ್ ನಿಲ್ಲಬೇಕು. ಪ್ರತಿ ಸಲ ಸೆಟ್ಟಿಂಗ್ ಬದಲಿಸಿದಾಗಲೂ ಇದನ್ನು ಮಾಡಬೇಕು.

ನೀವಿರುವುದು ಯಲಹಂಕ, ಪಕ್ಕದಲ್ಲೇ ವಾಯುಪಡೆ ನೆಲೆ. ಜಕ್ಕೂರು ಏರೋಡ್ರೋಮ್ ಕೂಡ ದೂರವಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ಮತ್ತು ಹಳದಿ ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ, ನಿಜ. ಆದರೆ ವಲಯದ ನಿಯಮ ಅದಕ್ಕೂ ಉಂಟು. ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಮನೆ ಯಾವ ಬಣ್ಣದಲ್ಲಿದೆ ಎಂದು ಮಗನ ಕೈಯಲ್ಲೇ ತೆಗೆಸಿ ನೋಡಿ.