ಬಾಹ್ಯಾಕಾಶದ ಸಾಮಾನು ಗಾಡಿ

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣಕ್ಕೆ ಊಟ, ನೀರು ಒಯ್ಯುವ ರಷ್ಯಾದ ಪ್ರೋಗ್ರೆಸ್ ನೌಕೆಯಲ್ಲಿ ಜನ ಇರುವುದಿಲ್ಲ, ಅಲ್ವಾ? ಆಮೇಲೆ ಅದು ಏನಾಗುತ್ತದೆ?

ಉತ್ತರ: ಹೌದು, ಯಾರೂ ಇರುವುದಿಲ್ಲ. 1978ರಿಂದಲೂ ಹಾರುತ್ತಿದೆ. ಒಂದು ಸಲಕ್ಕೆ ಸುಮಾರು ಎರಡೂವರೆ ಟನ್ ಹೊತ್ತು, ತಾನೇ ದಾರಿ ಹಿಡಿದು ಬಂದು ನಿಲ್ದಾಣಕ್ಕೆ ಅಂಟಿಕೊಳ್ಳುತ್ತದೆ. ಸಾಮಾನು ಇಳಿಸಿದ ಮೇಲೆ ಗಗನಯಾತ್ರಿಗಳು ಕಸವನ್ನೆಲ್ಲ ಅದರೊಳಗೆ ತುಂಬಿ ಕಳಿಸುತ್ತಾರೆ. ವಾತಾವರಣದಲ್ಲಿ ಉರಿದುಹೋಗುತ್ತದೆ, ಉಳಿದ ಚೂರುಗಳು ದಕ್ಷಿಣ ಪೆಸಿಫಿಕ್‌ಗೆ ಬೀಳುತ್ತವೆ.

ಆದರೆ ಸುಲಭದ ಕೆಲಸ ಅಂದುಕೊಳ್ಳಬೇಡಿ. 1997ರ ಜೂನ್ 25ರಂದು ರಷ್ಯಾದ ಹಳೆಯ ಬಾಹ್ಯಾಕಾಶ ನಿಲ್ದಾಣ ಮೀರ್‌ನ ಒಳಗಿನಿಂದಲೇ ಒಂದು ಪ್ರೋಗ್ರೆಸ್ ಅನ್ನು ಕೈಯಾರೆ ನಡೆಸಿ ನೋಡುತ್ತಿದ್ದಾಗ ಅದು ಬಂದು ಗುದ್ದಿತು, ಸ್ಪೆಕ್ಟರ್ ಎಂಬ ಭಾಗ ತೂತಾಗಿ ಗಾಳಿ ಸೋರತೊಡಗಿತು. ಆ ಭಾಗದ ಬಾಗಿಲು ಮುಚ್ಚೋಣವೆಂದರೆ ನಡುವೆ ಕೇಬಲ್‌ಗಳು! ಅವನ್ನು ಕಿತ್ತು, ಕತ್ತರಿಸಿ, ಮುಚ್ಚಳ ಹಾಕಿದ ಮೇಲೆಯೇ ಒಳಗಿದ್ದ ಮೂವರ ಜೀವ ಉಳಿದದ್ದು.