ಹೊಸ ಟ್ಯಾಂಕಿಗೆ ಬಿಟ್ಟ ಮೀನು ವಾರದೊಳಗೆ ಸಾಯುತ್ತಿವೆ. ಉಡುಪಿಯ ನಮ್ಮ ಬಾವಿ ನೀರೇ ಕಾರಣವಾ?

ಬಾವಿ ನೀರನ್ನು ಸುಮ್ನೆ ದೂರಬೇಡಿ. ಬ್ಲೀಚಿಂಗ್ ಪೌಡರ್ ಹಾಕಿಲ್ಲ ಅಂದರೆ ಅದರಲ್ಲಿ ಕ್ಲೋರಿನ್ ಇರುವುದಿಲ್ಲ, ನಳ್ಳಿ ನೀರಿಗಿಂತ ವಾಸಿ.

ಹೊಸ ಟ್ಯಾಂಕಿನಲ್ಲಿ ಹೆಚ್ಚಾಗಿ ಕೊಲ್ಲುವುದು ಅಮೋನಿಯಾ. ಮೀನಿನ ಹೊಲಸು, ತಿಂದು ಬಿಟ್ಟ ತಿಂಡಿ ಎಲ್ಲ ಕೊಳೆತು ಅದಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ, ಆಮೇಲೆ ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತದೆ. ಇವು ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದಕ್ಕೆ ಮೊದಲೇ ಜಾಸ್ತಿ ಮೀನು ಬಿಟ್ಟರೆ ಕಿವಿರು ಕೆಂಪಾಗಿ, ನೀರಿನ ಮೇಲೆ ಬಂದು ಬಾಯಿ ಬಿಡುತ್ತವೆ. ನೀವೂ ಅದನ್ನೇ ನೋಡಿರಬೇಕು, ಅಲ್ವಾ?

ಹತ್ತಿರದಲ್ಲಿ ಮೀನು ಸಾಕುವವರ ಕ್ಲಬ್ ಇದ್ದರೆ ದಯವಿಟ್ಟು ಸೇರಿಕೊಳ್ಳಿ. ಹಳೆ ಟ್ಯಾಂಕಿನ, ಕಂದು ಬಣ್ಣಕ್ಕೆ ತಿರುಗಿದ ಸ್ಪಂಜಿನ ಒಂದು ತುಂಡು ಕೇಳಿ. ರೋಗವಿಲ್ಲದ ಟ್ಯಾಂಕಿನದ್ದೇ ಆಗಬೇಕು. ಒಣಗಲು ಬಿಡದೆ ಅದೇ ನೀರಿನಲ್ಲಿ ತಂದು ನಿಮ್ಮ ಫಿಲ್ಟರಿಗೆ ತುರುಕಿದರೆ ಕಾಯುವುದು ಎಷ್ಟೋ ಕಡಿಮೆಯಾಗುತ್ತದೆ. ನನ್ನ ಪ್ರಕಾರ ಕ್ಲಬ್ಬಿನ ದೊಡ್ಡ ಲಾಭವೇ ಇದು.

ಇನ್ನು ಮೀನಿನ ಆಯ್ಕೆ. ನಮ್ಮ ಮುರಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಅಂದರೆ ಸುಣ್ಣದಂಶ ಕಡಿಮೆ. ಟೆಟ್ರಾ, ಬಾರ್ಬ್‌ಗಳಿಗೆ ಅದು ಹಿಡಿಸುತ್ತದೆ. ಮೋಲಿಗೆ ಗಡಸು ನೀರು ಬೇಕು, ಹಾಗಾಗಿ ಚೆನ್ನಾಗಿ ತೊಳೆದು ಕುದಿಸಿದ ಮರುವಾಯಿ ಚಿಪ್ಪನ್ನು ಫಿಲ್ಟರಿನಲ್ಲಿ ಇಡಿ.