ಭಟ್ಟಿಮನೆಯ ಮೇಲೆ ಪಗೋಡ ಏಕೆ?

ಪ್ರಶ್ನೆ: ಸ್ಕಾಟ್ಲೆಂಡಿನ ಹಳೆಯ ವಿಸ್ಕಿ ಡಿಸ್ಟಿಲರಿಗಳ ಮಾಡಿನ ಮೇಲೆ ಬೌದ್ಧರ ಪಗೋಡದಂಥ ಗೋಪುರವಿರುತ್ತದಲ್ಲ, ಅದು ಅಲಂಕಾರಕ್ಕೋ, ಕೆಲಸಕ್ಕೋ?
– ಓದುಗರು, ಧಾರವಾಡ

ಉತ್ತರ: ಕೆಲಸಕ್ಕೇ. ಅದು ಹೊಗೆಗಂಡಿ. ಎಲ್ಗಿನ್ ಊರಿನ ವಾಸ್ತುಶಿಲ್ಪಿ ಚಾರ್ಲ್ಸ್ ಡಾಯ್ಗ್ 1889ರಲ್ಲಿ ಡಾಲ್ಯುವನ್ ಡಿಸ್ಟಿಲರಿಗಾಗಿ ಅದನ್ನು ರೂಪಿಸಿದರು.

ಅದರ ಅಡಿಯಲ್ಲಿರುವುದು ಮೊಳಕೆ ಬಾರ್ಲಿ ಒಣಗಿಸುವ ಗೂಡು. ಕೆಳಗೆ ಬೆಂಕಿ, ಸಾಕಷ್ಟು ಎತ್ತರದಲ್ಲಿ ತೂತುಗಳಿರುವ ನೆಲ, ಆ ನೆಲದ ಮೇಲೆ ಹರವಿದ ಕಾಳು. ಸುಮಾರು ಶೇ. 45ರಷ್ಟಿದ್ದ ತೇವ ಶೇ. 5ರ ಆಸುಪಾಸಿಗೆ ಇಳಿಯಬೇಕು. ಅಷ್ಟೂ ಆವಿ ಒಂದೇ ಕಡೆ ಸೇರಿ ಹೊರಬೀಳಲೆಂದೇ ಮಾಡು ನಾಲ್ಕೂ ಕಡೆಯಿಂದ ಓರೆಯಾಗಿ ಮೇಲೆ ಕಿರಿದಾಗುತ್ತದೆ. ಮೊದಲು ತುದಿಯಲ್ಲಿ ಗಾಳಿಗೆ ತಿರುಗುವ ಟೋಪಿ ಇರುತ್ತಿತ್ತು. ಡಾಯ್ಗ್‌ರದು ತಿರುಗುವುದಿಲ್ಲ: ನಾಲ್ಕೂ ಬದಿಗೆ ಗಾಳಿಕಿಂಡಿ, ಮೇಲೆ ಮಳೆ ತಡೆಯುವ ಅಗಲ ಸೂರು.

ಗೋಪುರ ಗಾಳಿಯನ್ನು ಮೇಲಕ್ಕೆ ಸೆಳೆಯುವ ಎಳೆತ ಕಡಿಮೆಯಾದರೆ ಆವಿ ಒಳಗೇ ನಿಂತು ಕಾಳು ಒಣಗುವ ಬದಲು ಬೇಯುತ್ತದೆ. ಬೆಂದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವ ಸಾಯುತ್ತದೆ, ಮದ್ಯದ ಇಳುವರಿ ಕುಸಿಯುತ್ತದೆ. ಎಳೆತ ಹೆಚ್ಚಾದರೆ ಶಾಖವೆಲ್ಲ ಆಕಾಶಕ್ಕೆ. ಪೀಟ್ (ಜೌಗುನೆಲದಿಂದ ಅಗೆದು ಒಣಗಿಸಿ ಉರಿಸುವ, ಕೊಳೆತ ಗಿಡಗಳ ಮಣ್ಣು) ಹೊಗೆಯೂ ಕಾಳಿಗೆ ಹತ್ತದೆ ಹೋಗುತ್ತದೆ. ಹೊಗೆ ಚೆನ್ನಾಗಿ ಅಂಟುವುದು ಸಿಪ್ಪೆ ಒದ್ದೆಯಿರುವಾಗ. ಅದಕ್ಕೇ ಮೊದಲು ಪೀಟ್ ಉರಿಸಿ, ಆಮೇಲೆ ಹೊಗೆಯಿಲ್ಲದ ಬಿಸಿಗಾಳಿ ಕೊಡುತ್ತಾರೆ.

ಈಗ ಹೆಚ್ಚಿನ ಗೋಪುರಗಳಲ್ಲಿ ಹೊಗೆಯೇ ಇಲ್ಲ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ದೊಡ್ಡ ಕಾರ್ಖಾನೆಗಳಿಂದ ಲಾರಿಯಲ್ಲಿ ಬರುತ್ತದೆ. ಐಲಾ ದ್ವೀಪದ ಬೊಮೋರ್, ಲಫ್ರೋಯ್ಗ್‌ನಂಥವು ತಮಗೆ ಬೇಕಾದುದರಲ್ಲಿ ಒಂದು ಪಾಲನ್ನು ಮಾತ್ರ ಇನ್ನೂ ತಾವೇ ಮಾಡಿಕೊಳ್ಳುತ್ತವೆ. ಹೊಸದಾಗಿ ಕಟ್ಟುವವರು ಬರೀ ಅಂದಕ್ಕೆ ಪಗೋಡ ಕೂರಿಸಿದರೆ ಅದು ಒಲೆಯಿಲ್ಲದ ಮನೆಗೆ ಚಿಮಣಿ ಇಟ್ಟ ಹಾಗೆ.

ಪ್ರಶ್ನೆ: ಪೀಪಾಯಿ ಇಡುವ ಗೋದಾಮಿನ ಗೋಡೆಗಳು ಕಪ್ಪಗಿರುವುದು ಈ ಹೊಗೆಯಿಂದಲೇ?
– ಓದುಗರು, ಮೈಸೂರು

ಉತ್ತರ: ಅಲ್ಲ, ಅದು ಬೌಡೊಯಿನಿಯಾ ಎಂಬ ಶಿಲೀಂಧ್ರ. ಪೀಪಾಯಿಯಿಂದ ಆರಿಹೋಗುವ ಮದ್ಯದ ಆವಿ ಸೋಕಿದಲ್ಲೆಲ್ಲ, ಪಕ್ಕದ ಮರದ ಕೊಂಬೆಯ ಮೇಲೂ, ಮಸಿ ಬಳಿದಂತೆ ಬೆಳೆಯುತ್ತದೆ.

ಹಳೆಯ ಗೋದಾಮಿಗೆ ದಪ್ಪ ಕಲ್ಲುಗೋಡೆ, ಮಣ್ಣಿನ ನೆಲ. ಪೀಪಾಯಿಗಳನ್ನು ಮರದ ಹಳಿಗಳ ಮೇಲೆ ಹೆಚ್ಚೆಂದರೆ ಮೂರು ಸಾಲು ಪೇರಿಸುತ್ತಾರೆ. ಅಡಿಯದು ಸೋರಿದರೆ ಮೇಲಿನವನ್ನೆಲ್ಲ ಇಳಿಸಲೇಬೇಕು. ನೆಲದ ತಂಪು, ತೇವದಿಂದಾಗಿ ಅಲ್ಲಿ ವರ್ಷಕ್ಕೆ ಆರುವುದು ಸುಮಾರು ಶೇ. 2. ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಇದು ಶೇ. 10ರ ಆಸುಪಾಸು, ಹನ್ನೆರಡು ವರ್ಷ ಕಾಯುತ್ತ ಕೂತರೆ ಪೀಪಾಯಿಯಲ್ಲಿ ಉಳಿಯುವುದು ಮೂರನೇ ಒಂದು ಪಾಲಿಗಿಂತ ಕಡಿಮೆ.